ಬೆಳ್ಳಿಯ ಮೆಲುಕು

ಹೇಮಾವತಿ ನದಿಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ, ಒಂದು ಹಸು, ಒಂದು ಕಾರು. ಕಥೆ ಕಾರಿನದು. ಆದರೆ ಹಸುವಿಲ್ಲದೆ ಅದು ಮುಗಿಯುವುದಿಲ್ಲ.

ಗುರುಗಳ ಹೆಸರು ಪರಮಯ್ಯ. ಆಶ್ರಮ ಕಟ್ಟುವ ಮೊದಲು ಅಕ್ಕಿ ಗಿರಣಿಯೊಂದರಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದವರು. ಅದನ್ನು ಅವರು ಮುಚ್ಚಿಟ್ಟವರಲ್ಲ, ಹೇಳಿಕೊಂಡು ತಿರುಗಿದವರೂ ಅಲ್ಲ.

ಶಿಷ್ಯನ ಹೆಸರು ಯದುಪತಿ. ಎಲ್ಲರ ಬಾಯಲ್ಲೂ ಯದು. ಮೂವತ್ತು ದಾಟಿದವನು. ಬಂದು ಆರು ವರ್ಷವಾದರೂ ಒಂದು ಶ್ಲೋಕ ಪೂರ್ತಿಯಾಗಿ ತಲೆಗೆ ಹತ್ತಿರಲಿಲ್ಲ. ಪಾಠಕ್ಕೆ ಕೂತರೆ ಕಣ್ಣು ಎಳೆಯುತ್ತಿತ್ತು. ಅವನಿಗೆ ಚೆನ್ನಾಗಿ ಬರುತ್ತಿದ್ದದ್ದು ಎರಡೇ ಕೆಲಸ: ಕಾರು ಓಡಿಸುವುದು, ಮಡಿ ಮಾಡುವುದು.

ಮಡಿಯೆಂದರೆ ಅಂಥಿಂಥ ಮಡಿಯಲ್ಲ. ಲೋಟವನ್ನು ತುಟಿಗೆ ತಾಗಿಸುತ್ತಿರಲಿಲ್ಲ. ಇನ್ನೊಬ್ಬರು ಮುಟ್ಟಿದ ತಂಬಿಗೆಯನ್ನು ಮೂರು ಸಲ ತೊಳೆಯುತ್ತಿದ್ದ. ಎಂಜಲು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಕೈ ತೊಳೆಯಲು ಎದ್ದುಬಿಡುತ್ತಿದ್ದ. ಗುರುಗಳು ಇದನ್ನೆಲ್ಲ ಆರು ವರ್ಷದಿಂದ ನೋಡುತ್ತಲೇ ಇದ್ದರು. ಒಂದು ದಿನವೂ ಏನೂ ಅಂದಿರಲಿಲ್ಲ.

ಕಾರಿನ ಹೆಸರು ಬೆಳ್ಳಿ. ಒಂದು ವರ್ಷದ ಹಿಂದೆ ಯಾರೋ ಭಕ್ತರು ಕೊಟ್ಟುಹೋದ ಹಳೇ ಬಿಳೀ ಪೆಟ್ರೋಲ್ ಕಾರು. ಪ್ರತಿ ಶನಿವಾರ ಅದು ಸೇತುವೆ ದಾಟಿ, ಆಚೆ ದಂಡೆಯ ಊರಿನಿಂದ ಮೂವರು ಅಜ್ಜಿಯರನ್ನು ಭಜನೆಗೆ ಕರೆತರುತ್ತಿತ್ತು. ಅವರಿಗೆ ನಡೆಯಲು ಆಗುತ್ತಿರಲಿಲ್ಲ, ಹಾಡಲು ಆಗುತ್ತಿತ್ತು.

ಹಿಂದಿನ ಸೀಟಿಗೆ ಕಿಟಕಿ ಎರಡು, ಅಜ್ಜಿಯರು ಮೂವರು. ಹಾಗಾಗಿ ಪ್ರತಿ ವಾರವೂ ಜಗಳ. ಆ ಜಗಳ ಕೇಳುತ್ತ ಕಾರು ಓಡಿಸುವುದೆಂದರೆ ಯದುವಿಗೆ ವಾರದ ಹಬ್ಬ.

ಮೂವರಲ್ಲಿ ಹಿರಿಯಳು ಚಿಕ್ಕತಾಯಮ್ಮ. ಬಾಯಲ್ಲಿ ಉಳಿದದ್ದು ಒಂದೇ ಹಲ್ಲು. ಕಾರು ಹತ್ತುವ ಮುಂಚೆ ಸೆರಗಿನ ಗಂಟಿನಿಂದ ಕಡ್ಲೆ ಮಿಠಾಯಿ ತೆಗೆದು, ಆ ಒಂದೇ ಹಲ್ಲಿನಿಂದ ಕಚ್ಚಿ ಎರಡು ಮಾಡಿ, ಅರ್ಧವನ್ನು ಯದುವಿನ ಕೈಗೆ ಇಡುತ್ತಿದ್ದಳು.

ಯದು ಭಕ್ತಿಯಿಂದಲೇ ತೆಗೆದುಕೊಳ್ಳುತ್ತಿದ್ದ. ಆಮೇಲೆ ಅದನ್ನು ಸ್ಟೇರಿಂಗಿನ ಪಕ್ಕದ ಖಾನೆಯೊಳಗೆ ಹಾಕಿ ಮುಚ್ಚುತ್ತಿದ್ದ. ಖಾನೆಯ ತುಂಬ ಅರ್ಧ ಮಿಠಾಯಿಗಳು, ಅವುಗಳ ತುಂಬ ಇರುವೆಗಳು.

ಕಳೆದ ಯುಗಾದಿಯ ಹೊತ್ತಿಗೆ ಬೆಳ್ಳಿ ಎಣ್ಣೆ ಸೋರತೊಡಗಿತು.

ಮೊದಲು ಇಂಜಿನ್ನಿನ ಮೇಲ್ಮುಚ್ಚಳದ ಅಂಚಿನಲ್ಲಿ. ಯದು ಸಂದಿ ಮುಚ್ಚುವ ಹೊಸ ಗ್ಯಾಸ್ಕೆಟ್ ಹಾಕಿದ. ತಿಂಗಳೊಳಗೆ ಇಂಜಿನ್ನಿನ ಮುಂದುಗಡೆಯ ರಬ್ಬರ್ ಸೀಲಿನಲ್ಲಿ ಸೋರಿತು. ಅದನ್ನೂ ಬದಲಾಯಿಸಿದ. ಹಿಂದಿನ ಸೀಲು ಬಾಯಿ ಬಿಟ್ಟಿತು. ಅದಕ್ಕೂ ಮದ್ದು ಮಾಡಿದ ಮೇಲೆ, ಎಣ್ಣೆ ಎಷ್ಟಿದೆಯೆಂದು ನೋಡುವ ಕಡ್ಡಿಯೇ ತನ್ನ ತೂತಿನಿಂದ ಎದ್ದು ಹೊರಗೆ ಇಣುಕಿತು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ.

ಇದರಿಂದ ಖುಷಿಪಟ್ಟವಳು ಒಬ್ಬಳೇ, ಅಡಿಗೆಮನೆಯ ಜವರಮ್ಮ. ಬೆಳಿಗ್ಗೆ ಕಾರನ್ನು ಹಿಂದಕ್ಕೆ ತೆಗೆದ ಮೇಲೆ ಜಗಲಿಯ ಮುಂದಿನ ಕಲ್ಲುಹಾಸಿನ ಮೇಲೆ ರಂಗೋಲಿ ಹಾಕುವುದು ಅವಳ ಕೆಲಸ. ಯದು ಬೂದಿ ಹಾಕಿ ಎಷ್ಟು ಉಜ್ಜಿದರೂ ಎಣ್ಣೆಯ ಹನಿಗಳ ಕಲೆ ಹೋಗುತ್ತಿರಲಿಲ್ಲ. ಅವಳು ಒಂದೊಂದು ಕಲೆಯ ಮೇಲೂ ಒಂದೊಂದು ಚುಕ್ಕಿ ಇಟ್ಟು, ಚುಕ್ಕಿಗಳ ಸುತ್ತ ಬಳ್ಳಿ ಎಳೆದುಬಿಡುತ್ತಿದ್ದಳು. ಯುಗಾದಿಯಲ್ಲಿ ಐದು ಚುಕ್ಕಿಯ ರಂಗೋಲಿ. ಗೌರಿಹಬ್ಬದ ಹೊತ್ತಿಗೆ ಇಪ್ಪತ್ತೊಂದು.

"ನಂಗೆ ಯೋಚ್ನೆನೇ ಇಲ್ಲ ಕಣಪ್ಪ," ಎನ್ನುತ್ತಿದ್ದಳು. "ಚುಕ್ಕಿ ಎಲ್ಲಿಡಬೇಕು ಅಂತ ಬೆಳ್ಳಿನೇ ತೋರುಸ್ತದೆ."

ಯದುವಿಗೆ ನಗು ಬರುತ್ತಿರಲಿಲ್ಲ. ಅವನಿಗೆ ಗೊತ್ತಿದ್ದ ಒಂದು ಸಂಗತಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಒಂದು ಸೋಮವಾರ ಆಶ್ರಮದ ಟ್ರಸ್ಟಿ ಬೋರಲಿಂಗೇಗೌಡರು ಬಂದರು. ಪೇಟೆಯಿಂದ ಅವರನ್ನು ಕರೆತಂದದ್ದು ಬೆಳ್ಳಿಯೇ. ಇಳಿಯುವಾಗ ಅವರ ಕಾಲು ಎಣ್ಣೆಯ ಮೇಲೆ ಜಾರಿತು. ಬಿದ್ದರು ಅನ್ನುವಂತಿಲ್ಲ, ಕೂತರು. ಎದ್ದಾಗ ಬೆಳ್ಳಗಿನ ರೇಷ್ಮೆ ಪಂಚೆಯ ಹಿಂಭಾಗದಲ್ಲಿ ಜವರಮ್ಮನ ರಂಗೋಲಿ ಅಚ್ಚಾಗಿತ್ತು, ಚುಕ್ಕಿ ಸಮೇತ.

ಗೌಡರು ಕೆಟ್ಟವರಲ್ಲ. ಕೂಗಾಡಲಿಲ್ಲ. ಶನಿವಾರದವರೆಗೆ ನೋಡೋಣ, ಆಗಲೂ ಸೋರುತ್ತಿದ್ದರೆ ಕಾರು ಗುಜರಿಗೆ, ಅಜ್ಜಿಯರಿಗೆ ಬಾಡಿಗೆ ವ್ಯಾನು ಎಂದರು. ವ್ಯಾನಿನ ಜೊತೆ ಅದರ ಡ್ರೈವರೂ ಬರುತ್ತಾನೆ ಎಂಬುದನ್ನು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಶ್ಲೋಕ ಬಾರದ ಶಿಷ್ಯನಿಂದ ಕಾರನ್ನೂ ಕಿತ್ತುಕೊಂಡರೆ ಆಶ್ರಮದಲ್ಲಿ ಅವನಿಗೆ ಮಾಡಲು ಏನು ಉಳಿಯುತ್ತದೆ? ಅವನು ಆ ಜಾಗವನ್ನು ತುಂಬ ಪ್ರೀತಿಸುತ್ತಿದ್ದ. ನದಿಯನ್ನು, ಹಸುವನ್ನು, ಗುರುಗಳ ಕೆಮ್ಮನ್ನು ಕೂಡ.

ಮಂಗಳವಾರ ಬೆಳಿಗ್ಗೆ ಗುರುಗಳು ಕಾರಿನ ಬಳಿ ಬಂದರು. ಇಂಜಿನ್ ಚಾಲೂ ಮಾಡಿಸಿ, ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆಸಿದರು. ಜವರಮ್ಮನ ಎಲೆಯಡಿಕೆ ಚೀಲದಿಂದ ಒಂದು ವೀಳ್ಯದೆಲೆ ಇಸಕೊಂಡು ಆ ಬಾಯಿಯ ಮೇಲೆ ಮೆಲ್ಲಗೆ ಇಟ್ಟರು.

ಎಲೆ ಪುರ್ರೆಂದು ಹಾರಿ ಯದುವಿನ ಭುಜದ ಮೇಲೆ ಕೂತಿತು.

"ಇದರ ಹೊಟ್ಟೆ ಉಬ್ಬರಿಸಿದೆಯಲ್ಲಪ್ಪ," ಎಂದರು ಗುರುಗಳು. "ಒಳಗಿನ ಗಾಳಿಗೆ ದಾರಿ ಎಲ್ಲಿ?"

ಯದು ಭುಜದ ಮೇಲಿನ ಎಲೆಯನ್ನೇ ನೋಡಿದ. "ಗೊತ್ತಾಗ್ತಿಲ್ಲ ಗುರುಗಳೇ," ಎಂದ.

ಗುರುಗಳು ಅವನ ಭುಜದಿಂದ ಎಲೆ ತೆಗೆದು, ಒರೆಸಿ, ಜವರಮ್ಮನಿಗೆ ವಾಪಸ್ಸು ಕೊಟ್ಟರು. ಅವಳು ಅದಕ್ಕೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡಳು. ಯದು ಮುಖ ಕಿವುಚಿದ.

"ಸರಿ," ಎಂದರು ಗುರುಗಳು. "ಹೋಗಿ ಹಸುವಿನ ಮುಂದೆ ಕೂತ್ಕೋ. ಅದು ಏನು ಮಾಡುತ್ತೆ ನೋಡ್ಕೊಂಡು ಬಂದು ಹೇಳು."

ಉಳಿದಿರುವುದು ನಾಲ್ಕು ದಿನ, ಕಾರು ಬಿಟ್ಟು ಹಸು ನೋಡು ಅನ್ನುತ್ತಾರಲ್ಲ ಎಂದು ಯದುವಿಗೆ ಅಳು ಬರುವಂತಾಯಿತು. ಆದರೂ ಹೋದ. ಸ್ವಲ್ಪ ಹೊತ್ತಿಗೆ ಬಂದು, ಹಸು ಹುಲ್ಲು ತಿಂದಿತೆಂದು ಹೇಳಿದ. ಗುರುಗಳು ಮತ್ತೆ ಕಳಿಸಿದರು. ಇನ್ನೂ ಸ್ವಲ್ಪ ಹೊತ್ತಿಗೆ ಬಂದು, ಹಸು ಮಲಗಿತೆಂದು ಹೇಳಿದ. ಗುರುಗಳು ಮತ್ತೂ ಕಳಿಸಿದರು.

ಮೂರನೆಯ ಸಲ ಅವನು ಬರುವ ಹೊತ್ತಿಗೆ ಬಿಸಿಲು ನೆತ್ತಿಗೆ ಏರಿತ್ತು. ಗುರುಗಳು ಸ್ನಾನಕ್ಕೆ ಹೊರಟು, ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ನಿಂತಿದ್ದರು.

"ಮೆಲುಕು ಹಾಕ್ತಿದೆ, ಗುರುಗಳೇ."

"ಹಾಗಂದ್ರೆ?"

"ನುಂಗಿದ್ದನ್ನ ಮತ್ತೆ ಬಾಯಿಗೆ ತಂದ್ಕೊಂಡು..."

ಅಲ್ಲಿಗೆ ಅವನು ನಿಂತುಬಿಟ್ಟ.

"ತಂದ್ಕೊಂಡು?"

"ಮತ್ತೆ ಅಗೀತಾ ಇದೆ."

"ಒಂದು ಸಲ ತಿಂದದ್ದನ್ನೇ?"

"ಹೌದು ಗುರುಗಳೇ."

"ಇವತ್ತು ಬೆಳಿಗ್ಗೆ ಅದರ ಹಾಲು ಕರೆದವರು ಯಾರು?"

"ನಾನೇ."

"ಕರೆದು ಏನು ಮಾಡ್ದೆ?"

ಯದುವಿನ ದನಿ ಇಳಿಯಿತು. "ದೇವರಿಗೆ ಅಭಿಷೇಕ ಮಾಡ್ದೆ."

ಗುರುಗಳು ತಲೆಯಾಡಿಸಿದರು. ಮೆಟ್ಟಿಲಿಳಿದು ನದಿಗೆ ಹೋದರು.

ಯದು ನಿಂತಲ್ಲೇ ನಿಂತಿದ್ದ. ಹಸು ಅವನ ಕಡೆ ನೋಡುತ್ತ, ನಿಧಾನವಾಗಿ ದವಡೆ ಆಡಿಸುತ್ತಿತ್ತು. ಅದರ ಗಂಟಲಲ್ಲಿ ಒಂದು ಉಂಡೆ ಕೆಳಗಿನಿಂದ ಮೇಲಕ್ಕೆ ಬಂದದ್ದು ಕಂಡಿತು. ಆರು ವರ್ಷದಿಂದ ದಿನಾ ಕಂಡದ್ದೇ. ಇವತ್ತು ಮಾತ್ರ ಅದು ತನ್ನ ಗಂಟಲಲ್ಲೇ ಬಂದಂತಾಯಿತು.

ಅವನು ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಓಡಿದ. ಗುರುಗಳು ಸೊಂಟದುದ್ದ ನೀರಿನಲ್ಲಿದ್ದರು.

"ಗುರುಗಳೇ, ಬಿರಡೆ ಹಾಕಿದ್ದು ನಾನು."

ಗುರುಗಳು ತಿರುಗಿ ನೋಡಿದರು.

ಯದು ದಡದಲ್ಲಿ ನಿಂತು ಎಲ್ಲವನ್ನೂ ಹೇಳಿದ. ಹೋದ ವರ್ಷ ಇಂಜಿನ್ ತೊಳೆಯುವಾಗ ಒಂದು ಪೈಪು ಕಣ್ಣಿಗೆ ಬಿತ್ತು. ಒಂದು ತುದಿ ಇಂಜಿನ್ನಿನ ಹೊಟ್ಟೆಯಲ್ಲಿ, ಇನ್ನೊಂದು ತುದಿ ಅದು ಗಾಳಿ ಕುಡಿಯುವ ಬಾಯಲ್ಲಿ. ಒಳಗಿನ ಕೊಳಕು ಹೊಗೆಯನ್ನು ಇಂಜಿನ್ನು ತಾನೇ ಮತ್ತೆ ಉಣ್ಣುತ್ತಿತ್ತು. ಥೂ, ಗುರುಗಳು ಕೂರುವ ಕಾರು ಎಂಜಲು ತಿನ್ನುತ್ತಿದೆಯಲ್ಲ ಅನ್ನಿಸಿತು. ಪೈಪಿನ ಎರಡೂ ಕಡೆ ಬಿರಡೆ ಜಡಿದುಬಿಟ್ಟ. ಸೋರತೊಡಗಿದಾಗ ಒಳಗೊಳಗೇ ಅನುಮಾನ ಬಂದಿತ್ತು. ಹೇಳಿದರೆ ಓಡಿಸಿಬಿಡುತ್ತಾರೆಂದು ಬಾಯಿ ಬಿಡದೆ, ಒಂದೊಂದೇ ಸೀಲು ಬದಲಾಯಿಸುತ್ತ ಬಂದ.

"ಯಾವ ಮರದ ಬಿರಡೆ?" ಎಂದು ಕೇಳಿದರು ಗುರುಗಳು.

"ಬೇವಿಂದು." ಯದು ತಲೆ ತಗ್ಗಿಸಿದ. "ಅದಕ್ಕೆ ತಮ್ಮ ಹಳೇ ಶಲ್ಯದ ಚೂರು ಸುತ್ತಿದೀನಿ. ಮಡೀಲಿ ಒಗೆದದ್ದು."

ಗುರುಗಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಮೂಗಿಗೆ ನೀರು ಹೋಗಿ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಇನ್ನೊಂದು ಸುತ್ತು ನಕ್ಕರು. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ನೋಡಿದರು.

ಯದುವಿಗೆ ಕಣ್ಣು ತುಂಬಿತ್ತು. "ನಾನು ಹೊರಡ್ಲಾ, ಗುರುಗಳೇ?"

"ಹೊರಡು."

ಯದು ಮೆಟ್ಟಿಲ ಕಡೆ ತಿರುಗಿದ.

"ಮೂರು ಗಂಟೆ ಬಸ್ಸಿಗೆ ಹೊರಡು," ಎಂದರು ಗುರುಗಳು. "ಪೇಟೇಲಿ ಹೊಸ ಪೈಪು, ಅದರ ವಾಲ್ವು, ರಬ್ಬರು, ಕ್ಲಿಪ್ಪು, ಎಲ್ಲಾ ತಗೊಂಡು ಬಾ. ಗ್ಯಾರೇಜಿನವನನ್ನ ಕರೀಬೇಡ. ಮುಚ್ಚಿದ ಕೈಯೇ ಬಿಚ್ಚಲಿ."

ಪೇಟೆಯ ಅಂಗಡಿಗಳಲ್ಲಿ ಆ ಹಳೇ ಕಾರಿನ ಸಾಮಾನು ಸುಲಭಕ್ಕೆ ಸಿಗಲಿಲ್ಲ. ಎರಡು ದಿನ ಅಲೆದ ಮೇಲೆ, ಗುರುವಾರ ಸಂಜೆ ಯದು ಕೈಚೀಲ ಹಿಡಿದು ಬಸ್ಸಿನಿಂದ ಇಳಿದ. ಹೊಗೆಯನ್ನು ಒಂದೇ ಕಡೆಗೆ ಬಿಡುವ ಆ ವಾಲ್ವೆಂದರೆ ಹೆಬ್ಬೆರಳಿನಷ್ಟು ದೊಡ್ಡದು, ಅಷ್ಟೆ. ಜವರಮ್ಮ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗಿನ ತುಣುಕು ಟಿಕ್ ಟಿಕ್ ಎಂದಿತು. ಕಾಲ್ಗೆಜ್ಜೆ ಹಂಗದೆ ಎಂದು ಅವಳಿಗೆ ಬಲು ಇಷ್ಟವಾಯಿತು.

ಶುಕ್ರವಾರ ಬೆಳಿಗ್ಗೆ ಕಾರನ್ನು ಹೊಂಗೆ ಮರದ ನೆರಳಿಗೆ ತಂದು ಬಾನೆಟ್ ಎತ್ತಿದರು. ಗುರುಗಳು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರು. ಸ್ಪಾನರ್ ಮುಟ್ಟಲಿಲ್ಲ. ಗಿರಣಿಯ ದಿನಗಳ ಮಾತು ತೆಗೆದು ಮೆಲ್ಲಗೆ ವಿವರಿಸಿದರು. ಸಿಲಿಂಡರಿನಲ್ಲಿ ಪೆಟ್ರೋಲು ಉರಿಯುವಾಗ ಎಷ್ಟೋ ಹೊಗೆ ಪಿಸ್ಟನ್ನಿನ ಪಕ್ಕದಿಂದ ನುಸುಳಿ ಇಂಜಿನ್ನಿನ ಹೊಟ್ಟೆಗೆ ಇಳಿಯುತ್ತದೆ. ಅದರಲ್ಲಿ ಪೂರ್ತಿ ಉರಿಯದ ಪೆಟ್ರೋಲೂ ಇರುತ್ತದೆ. ಹೊಗೆ ಒಳಗೇ ಉಳಿದರೆ ಎಣ್ಣೆಯನ್ನು ತಳ್ಳಿಕೊಂಡು ಸಿಕ್ಕ ಸಂದಿಯಲ್ಲೆಲ್ಲ ಹೊರಗೆ ಬರುತ್ತದೆ. ಅದಕ್ಕೇ ಈ ಪೈಪು. ಅದು ಆ ಹೊಗೆಯನ್ನು ಇನ್ನೊಂದು ಸಲ ಬೆಂಕಿಗೆ ಕೊಡುತ್ತದೆ.

ಯದು ಬಿರಡೆಗಳನ್ನು ಕಿತ್ತ. ಕಾವಿ ಶಲ್ಯದ ಚೂರು ಕರ್ರಗಾಗಿ, ಜಿಡ್ಡು ಹಿಡಿದು ಹೊರಗೆ ಬಂತು. ಗುರುಗಳು ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ಇದು ನನಗೆ ಮೈಸೂರಿನವರು ಹೊದಿಸಿದ್ದ ಶಲ್ಯ ಕಣಯ್ಯ ಎಂದರು.

ಹಳೇ ಪೈಪು ಕೈಯಲ್ಲೇ ಮುರಿಯಿತು. ಹಳೇ ವಾಲ್ವು ಅಲ್ಲಾಡಿಸಿದರೂ ಸದ್ದು ಮಾಡಲಿಲ್ಲ. ಎರಡನ್ನೂ ತೆಗೆದೆಸೆದು, ಹೊಸ ರಬ್ಬರಿಗೆ ಎಣ್ಣೆ ಸವರಿ ಕೂರಿಸಿದ. ವಾಲ್ವಿನ ಬಾಣದ ಗುರುತು ಯಾವ ಕಡೆ ಇರಬೇಕೆಂದು ಮೂರು ಸಲ ನೋಡಿಕೊಂಡ. ಹೊಸ ಪೈಪು ಏರಿಸಿ, ಎರಡೂ ತುದಿಗೆ ಕ್ಲಿಪ್ಪು ಬಿಗಿದ. ಸಂತೋಷದಿಂದ ಇಂಜಿನ್ ಚಾಲೂ ಮಾಡಿದ.

ಗುರುಗಳು ವೀಳ್ಯದೆಲೆ ಇಟ್ಟರು. ಎಲೆ ಹಾರಿತು.

ಯದು ಮತ್ತೆ ಇಟ್ಟ. ಮತ್ತೆ ಹಾರಿತು. ಎಲೆಯನ್ನು ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತುಬಿಟ್ಟ. ನಾಳೆ ಶನಿವಾರ.

"ಎಲ್ಲಾ ಹೊಸದು ಹಾಕಿದೀನಲ್ಲ, ಗುರುಗಳೇ."

"ಹೊಸದೆಲ್ಲಾ ಹಾಕ್ದೆ. ಹಳೇದೆಲ್ಲಾ ತೆಗೆದ್ಯಾ?"

ಯದು ಎದ್ದು, ಇಂಜಿನ್ ನಿಲ್ಲಿಸಿ, ಪೈಪು ಬಿಚ್ಚಿ ನೋಡಿದ. ಪೈಪು ಕೂರುವ ತೂತಿನ ಒಳಗೆ, ಮೇಲ್ಮುಚ್ಚಳದ ಅಡಿಯಲ್ಲಿ, ಎಣ್ಣೆಯನ್ನು ತಡೆದು ಗಾಳಿಯನ್ನಷ್ಟೇ ಬಿಡುವ ಒಂದು ತಂತಿಬಲೆ ಇತ್ತು. ವರ್ಷವಿಡೀ ಹೊಗೆಗೆ ದಾರಿಯಿಲ್ಲದೆ ಅದರ ತುಂಬ ಹಳಸಿದ ಬೆಣ್ಣೆಯಂಥ ಕೊಳಕು ಮೆತ್ತಿಕೊಂಡಿತ್ತು. ಅವನು ಒಂದು ಕಡ್ಡಿ ತಂದು ಕೆದಕಿದ. ಕಡ್ಡಿ ಮುರಿಯಿತು. ಚಿಂದಿ ಬಟ್ಟೆ ಸುತ್ತಿ ಕೆದಕಿದ. ಬಟ್ಟೆ ಒಳಗೇ ಸಿಕ್ಕಿಕೊಂಡಿತು. ಕಷ್ಟಪಟ್ಟು ಅದನ್ನು ಎಳೆದ.

"ಬೆರಳಿಲ್ವೇನಪ್ಪ ನಿಂಗೆ?" ಎಂದರು ಗುರುಗಳು.

ಯದು ತನ್ನ ಬಲಗೈ ನೋಡಿಕೊಂಡ. ದಿನಾ ಬೆಳಿಗ್ಗೆ ದೇವರಿಗೆ ಹಾಲೆರೆಯುವ ಕೈ. ಮೂಗು ಬಿಗಿಹಿಡಿದು, ಕಣ್ಣು ಮುಚ್ಚಿಕೊಂಡು, ತೋರುಬೆರಳನ್ನು ಆ ತೂತಿನೊಳಗೆ ತೂರಿಸಿದ.

ಬೆಚ್ಚಗಿತ್ತು. ಅವನು ಹೆದರಿದಷ್ಟು ಅಸಹ್ಯವೇನೂ ಆಗಲಿಲ್ಲ.

ಒಂದು ಬೆರಳು ಎರಡಾಯಿತು. ಆಮೇಲೆ ಮೇಲ್ಮುಚ್ಚಳವನ್ನೇ ಬಿಚ್ಚಿ ತಂದು ಮಡಿಲಲ್ಲಿ ಇಟ್ಟುಕೊಂಡ. ಪಂಚೆ ಹಾಳಾಯಿತು. ಮೊಣಕೈವರೆಗೆ ಕೊಳಕು ಹತ್ತಿತು. ಮೂಗು ಕೆರೆದುಕೊಂಡಾಗ ಮೀಸೆಗೂ ಹತ್ತಿತು. ಬಲೆಯ ಒಂದೊಂದು ಕಣ್ಣನ್ನೂ ಉಗುರಿನಿಂದ ಬಿಡಿಸಿ, ಪೆಟ್ರೋಲಿನಲ್ಲಿ ತೊಳೆದ. ತೊಳೆಯುತ್ತ ತೊಳೆಯುತ್ತ ಅವನು ಹಾಡತೊಡಗಿದ್ದ. ಅಜ್ಜಿಯರು ಕಾರಿನಲ್ಲಿ ಹಾಡುವ ಭಜನೆ. ಪೂರ್ತಿ ಬರುತ್ತಿತ್ತು, ಒಂದು ಸಾಲೂ ತಪ್ಪದೆ. ಗುರುಗಳು ಹುಬ್ಬೇರಿಸಿ ಜವರಮ್ಮನ ಕಡೆ ನೋಡಿದರು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮುಚ್ಚಳ ಕೂರಿಸಿ, ಪೈಪು ಹಾಕಿ, ಇಂಜಿನ್ ಚಾಲೂ ಮಾಡಿದ.

ಈ ಸಲ ಎಲೆ ಇಟ್ಟವನು ಯದುವೇ. ಎಲೆ ಹಾರಲಿಲ್ಲ. ಬಾಯಿಗೆ ಮೆಲ್ಲಗೆ ಅಂಟಿಕೊಂಡು, ನಡುವೆ ಚೂರು ಒಳಕ್ಕೆ ತಗ್ಗಿ, ಸಣ್ಣಗೆ ನಡುಗುತ್ತ ಅಲ್ಲೇ ನಿಂತಿತು. ಬೆಳ್ಳಿ ಒಳಗೊಳಗೇ ಗುರುಗುಟ್ಟುತ್ತಿತ್ತು. ಹೊಟ್ಟೆ ತುಂಬಿ ಮಲಗಿದ ಹಸುವಿನ ಹಾಗೆ.

ಯದು ಎಷ್ಟೋ ಹೊತ್ತು ಆ ಎಲೆಯನ್ನೇ ನೋಡುತ್ತ ನಿಂತ. ಸಂತೋಷ ತಡೆಯಲಾರದೆ ಬೆಳ್ಳಿಯ ಬಾನೆಟ್ಟಿಗೆ ಹಣೆ ಹಚ್ಚಿದ. ಕೈ ತೊಳೆಯುವುದು ಅವನಿಗೆ ನೆನಪಾದದ್ದು ಊಟಕ್ಕೆ ಕರೆದಾಗ.

ಶನಿವಾರ ಬೆಳಿಗ್ಗೆ ಕಾರನ್ನು ಹಿಂದಕ್ಕೆ ತೆಗೆದಾಗ ಕಲ್ಲುಹಾಸಿನ ಮೇಲೆ ಹೊಸ ಹನಿ ಒಂದೂ ಇರಲಿಲ್ಲ. ಹಳೇ ಕಲೆಗಳನ್ನು ಯದು ಹಿಂದಿನ ಸಂಜೆಯೇ ಸೋಪಿನ ಪುಡಿ ಹಾಕಿ ಉಜ್ಜಿ ತೆಗೆದಿದ್ದ. ಜವರಮ್ಮ ರಂಗೋಲಿ ಬಟ್ಟಲು ಹಿಡಿದು ಅತ್ತಿತ್ತ ನೋಡಿದಳು.

"ಈಗ ಎಲ್ಲಿಂದ ಶುರು ಮಾಡ್ಲಪ್ಪ ನಾನು?" ಎಂದು ಅವಳು ಬೈದದ್ದು ನಿಜವಾದ ಬೈಗುಳವೇ.

ಬೋರಲಿಂಗೇಗೌಡರು ಹೊಸ ಪಂಚೆ ಉಟ್ಟು ಬಂದರು. ಬಗ್ಗಿ ಕಾರಿನ ಅಡಿ ನೋಡಿದರು. ಕರವಸ್ತ್ರ ತೆಗೆದು ಇಂಜಿನ್ನಿನ ತಳ ಒರೆಸಿ, ಅದನ್ನು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಅಲ್ಲೇ ನಿಂತು ಫೋನ್ ಮಾಡಿ, ವ್ಯಾನು ಬೇಡವೆಂದು ಹೇಳಿದರು. ರಿಪೇರಿ ಮಾಡಿದ್ದು ಯಾರೆಂದು ಅವರು ಕೇಳಿದಾಗ, ಕೆಡಿಸಿದವನೇ ಮಾಡಿದ್ದು ಎಂದ ಯದು. ನಡೆದದ್ದನ್ನೆಲ್ಲ, ಬೇವಿನ ಬಿರಡೆಯನ್ನೂ ಬಿಡದೆ, ಅವರಿಗೂ ಹೇಳಿದ. ಗೌಡರು ಕರವಸ್ತ್ರ ಮಡಚಿಟ್ಟರು. ಆಮೇಲೆ ತಮ್ಮ ಮನೆಯ ಕಾರಿನಲ್ಲೂ ಎಣ್ಣೆ ಸೋರುತ್ತಿದೆ, ಒಂದು ದಿನ ಬಂದು ನೋಡುವೆಯಾ ಎಂದು ಕೇಳಿದರು.

ಆ ದಿನ ಅಜ್ಜಿಯರನ್ನು ಕರೆತರಲು ಗುರುಗಳೂ ಹೊರಟರು. ಮುಂದಿನ ಸೀಟಿನಲ್ಲಿ ಕೂತು, ಕಿಟಕಿಯ ಗಾಜು ಇಳಿಸಿ, ಸೇತುವೆಯ ಮೇಲೆ ಗಾಳಿಗೆ ಮುಖವೊಡ್ಡಿಕೊಂಡು ಬಂದರು.

ಆಚೆ ದಂಡೆಯಲ್ಲಿ ಮೂವರೂ ಅಜ್ಜಿಯರು ಕಾದು ನಿಂತಿದ್ದರು. ಕಿಟಕಿಯ ಜಗಳ ಆಗಲೇ ಶುರುವಾಗಿತ್ತು. ಗುರುಗಳಿದ್ದಾರೆಂದು ಯಾರೂ ದನಿ ತಗ್ಗಿಸಲಿಲ್ಲ.

ಚಿಕ್ಕತಾಯಮ್ಮ ಸೆರಗಿನ ಗಂಟು ಬಿಚ್ಚಿದಳು. ಮಿಠಾಯಿಯನ್ನು ಒಂಟಿ ಹಲ್ಲಿಗೆ ಕೊಟ್ಟು ಕಟಕ್ಕೆಂದು ಮುರಿದಳು. ಅರ್ಧವನ್ನು ಕಿಟಕಿಯಿಂದ ಒಳಕ್ಕೆ ಚಾಚಿದಳು. "ತಿನ್ನು ಮಗಾ."

ಯದು ಕೈ ಒಡ್ಡಿ ತೆಗೆದುಕೊಂಡ. ಅಭ್ಯಾಸಬಲದಿಂದ ಎಡಗೈ ಖಾನೆಯನ್ನು ತೆರೆಯಿತು. ಒಳಗೆ ಒಂದು ವರ್ಷದ ಅರ್ಧ ಮಿಠಾಯಿಗಳು ಇದ್ದವು. ಒಂದೊಂದರ ಅಂಚಿನಲ್ಲೂ ಒಂದೇ ಹಲ್ಲಿನ ಗುರುತು. ಒಂದು ವರ್ಷದ ಶನಿವಾರಗಳಷ್ಟು ಪ್ರೀತಿಯನ್ನು ಇರುವೆಗಳಿಗೆ ಕೊಟ್ಟುಬಿಟ್ಟೆನಲ್ಲ ಎಂದು ಅವನಿಗೆ ಕಸಿವಿಸಿಯಾಯಿತು. ಇರುವೆಗಳು ಮಾತ್ರ ದುಂಡಗೆ ಬೆಳೆದಿದ್ದವು.

ಅಷ್ಟರಲ್ಲಿ ಅಜ್ಜಿಯರು ಜಗಳವಾಡುತ್ತಲೇ ಹಿಂದೆ ಹತ್ತಿ ಕೂತಿದ್ದರು. ಅವನು ಖಾನೆ ಮುಚ್ಚಿದ.

ಕೈಯಲ್ಲಿದ್ದ ಮಿಠಾಯಿಯನ್ನು ಒಮ್ಮೆ ನೋಡಿದ. ಅಜ್ಜಿಯ ಹಲ್ಲು ಬಿದ್ದ ಕಡೆ ಇನ್ನೂ ಒದ್ದೆಯಿತ್ತು. ಆ ಕಡೆಯಿಂದಲೇ ಬಾಯಿಗಿಟ್ಟು ಕಚ್ಚಿದ.

ಬೆಲ್ಲ ಚೆನ್ನಾಗಿ ಪಾಕ ಬಂದಿತ್ತು. ಏಲಕ್ಕಿಯೂ ಬಿದ್ದಿತ್ತು. ಒಂದು ವರ್ಷ ತನಗಿದು ಗೊತ್ತೇ ಇರಲಿಲ್ಲವಲ್ಲ ಎಂದುಕೊಳ್ಳುತ್ತ ಅವನು ಕಣ್ಣರಳಿಸಿ ಅಗಿದ. ಹಿಂದಿನ ಸೀಟಿನಲ್ಲಿ ಜಗಳ ನಿಂತಿತು. ಮೂವರು ಅಜ್ಜಿಯರೂ ಮುಂದಕ್ಕೆ ಬಗ್ಗಿ ಅವನ ದವಡೆಯನ್ನೇ ನೋಡುತ್ತಿದ್ದರು.

ಇನ್ನೊಂದು ತುತ್ತು ಕಚ್ಚಲು ಹೊರಟಾಗ ಪಕ್ಕದ ಸೀಟಿನಿಂದ ಒಂದು ಕೈ ಅವನ ಮುಂದೆ ಬಂತು.

"ಪೂರ್ತಿ ಮುಗಿಸ್ಬೇಡಪ್ಪ," ಎಂದರು ಗುರುಗಳು. "ಕಚ್ಚಿದ್ದರಲ್ಲಿ ನಂಗೂ ಅರ್ಧ ಕೊಡು."